ಏಳು ಕಿಲೋ, ಮೇಲೆ ಒಂದು ಗ್ರಾಂ ಇಲ್ಲ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ತಪ್ಪೂ ಇಲ್ಲ, ಏಕೆಂದರೆ ಏನು ಹೇಳಿದರೂ ಅದಕ್ಕೆ ಸ್ವಲ್ಪ ಸೇರಿಸಿಯೇ ಹೇಳುವುದು ನನ್ನ ಅಭ್ಯಾಸ. ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ, ಕಾಲು ಭಾಗ ಕಳೆದು ಕೇಳಿಸಿಕೊಳ್ಳುತ್ತಾರೆ. ನೀವೂ ಕಳೆಯಿರಿ. ಆದರೆ ಗ್ರಾಂಗಳ ಲೆಕ್ಕ ಬಂದಲ್ಲಿ ಮಾತ್ರ ಏನೂ ಕಳೆಯಬೇಡಿ. ಗ್ರಾಂ ವಿಷಯದಲ್ಲಿ ಸುಳ್ಳು ಹೇಳಿದರೆ ವೆಸ್ಟೆರಾಸ್ ಊರಿನ ಯಾವ ಮೂಲೆಯಲ್ಲಿದ್ದರೂ ಬ್ರಿಟ್ಟಾಗೆ ಅದು ಕೇಳಿಸುತ್ತದೆ.

ಕಳೆದ ವಾರ ಬಟ್ಟೆ ಒಗೆಯಲು ನಮ್ಮ ಕಟ್ಟಡದ ನೆಲಮಾಳಿಗೆಗೆ ಇಳಿದಿದ್ದೆ. ಇಲ್ಲಿ ಮನೆಮನೆಗೆ ವಾಷಿಂಗ್ ಮೆಷಿನ್ ಇಲ್ಲ. ಇಡೀ ಕಟ್ಟಡಕ್ಕೆ ಕೆಳಗೆ ಒಂದೇ ಕೋಣೆ, ಗೋಡೆಯ ಮೇಲೆ ಒಂದು ಬೋರ್ಡು, ಪ್ರತಿ ಮನೆಗೂ ಮೂರು ಗಂಟೆಯ ಸರದಿ. ಸರದಿ ಮುಗಿದ ಮೇಲೆ ಒಂದು ನಿಮಿಷ ಹೆಚ್ಚು ನಿಂತವರನ್ನು ಸ್ವೀಡನ್ನಿನಲ್ಲಿ ಕೊಲೆಗಾರರಿಗಿಂತ ಒಂದೇ ಮೆಟ್ಟಿಲು ಮೇಲೆ ಇಡುತ್ತಾರೆ. ಆ ಕೋಣೆಯ ಮೂಲೆಯಲ್ಲಿ ಬಟ್ಟೆ ಒಣಗಿಸುವ ಕಪಾಟು ಇದೆ. ಬೀರುವಿನಷ್ಟು ಎತ್ತರ, ಒಳಗೆ ಬಿಸಿ ಗಾಳಿ. ಅದರ ಬಾಗಿಲು ತೆರೆದೆ. ಇಂಗಿನ ವಾಸನೆ ಮುಖಕ್ಕೆ ಬಡಿಯಿತು. ಎರಡು ವರ್ಷವಾಗಿದೆ. ಈ ಎರಡು ವರ್ಷದಲ್ಲಿ ನಲವತ್ತು ಮನೆಗಳ ಹೊದಿಕೆ, ಟವೆಲು, ಕಾಲುಚೀಲ ಎಲ್ಲ ಅದರೊಳಗೆ ಒಣಗಿವೆ. ಅವರ ಲ್ಯಾವೆಂಡರ್ ಪರಿಮಳಗಳೆಲ್ಲ ಸೋತು ಹೋದವು, ನಮ್ಮ ಇಂಗು ಮಾತ್ರ ಕೂತಲ್ಲೇ ಕೂತಿದೆ. ಮೂರನೆಯ ಮಹಡಿಯ ಮನುಷ್ಯ ದಿನಾ ಸಾರಿನೊಳಗೆ ಮಲಗಿ ಏಳುತ್ತಾನೆ, ಪಾಪ ಅವನಿಗೇ ಗೊತ್ತಿಲ್ಲ.

ಆ ವಾಸನೆಯ ಮೂಲ ನಾನು ಮತ್ತು ಬ್ರಿಟ್ಟಾ. ಆಗ ನನಗೆ ಹದಿನೈದು, ಅವರಿಗೆ ಎಪ್ಪತ್ತೊಂದು.

ಬ್ರಿಟ್ಟಾ ನಮ್ಮ ಕಟ್ಟಡದ ನೆಲಮಹಡಿಯವರು. ಮನೆಯಲ್ಲಿ ಅವರು ಮತ್ತು ಸಿಕ್ಸ್ಟೆನ್ ಎಂಬ ಉದ್ದ ಕಿವಿಯ ಬೇಟೆನಾಯಿ, ಅಷ್ಟೇ. ಕಾರುಗಳ ಸೀಟಿಗೆ ಹೊದಿಕೆ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ನಿವೃತ್ತರಾದವರು. ಪ್ರತಿ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಉತ್ತರದ ಬೆಟ್ಟಗಳಲ್ಲಿ ರೀಪ ಎಂಬ ಹಕ್ಕಿಯ ಬೇಟೆ ಶುರುವಾಗುತ್ತದೆ. ಕೋಳಿಯ ಚಿಕ್ಕಪ್ಪನ ಮಗನಂತೆ ಇರುವ ಹಕ್ಕಿ. ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳಿ. ಮರವೇ ಇಲ್ಲದ ಬೋಳು ಬೆಟ್ಟದಲ್ಲಿ ದಿನವಿಡೀ ನಡೆಯಬೇಕು, ನಾಯಿ ಮೂಸಿ ಹುಡುಕಬೇಕು, ಸಂಜೆ ಎಲ್ಲಿ ತಲುಪಿದಿರೋ ಅಲ್ಲೇ ಡೇರೆ ಹಾಕಬೇಕು. ಇಪ್ಪತ್ತಾರು ವರ್ಷ ಬ್ರಿಟ್ಟಾ ತಪ್ಪದೆ ಹೋಗಿದ್ದರು. ಜೊತೆಗೆ ಹೋಗುತ್ತಿದ್ದ ಗೆಳತಿ ಹಿಂದಿನ ವರ್ಷ ನಾರ್‌ಶೋಪಿಂಗ್‌ನಲ್ಲಿ ಮಗಳ ಮನೆ ಸೇರಿದ್ದರು. ಅದರ ಮೇಲೆ ಬ್ರಿಟ್ಟಾರ ಬೆನ್ನು ಕೈಕೊಟ್ಟಿತು.

ಇಲ್ಲಿ ನಮ್ಮ ಅಮ್ಮ ಕತೆಯೊಳಗೆ ಬರುತ್ತಾಳೆ. ಅಮ್ಮ ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್. ಉಡುಪಿಯಲ್ಲಿ ಕಲಿತದ್ದನ್ನು ಸ್ವೀಡಿಷಿನಲ್ಲಿ ಇನ್ನೊಮ್ಮೆ ಕಲಿತು ಲೈಸೆನ್ಸ್ ಪಡೆದವಳು. ಅವಳ ಕೈಗೆ ಸಿಕ್ಕಿದ ಬೆನ್ನು ಸುಮ್ಮನೆ ಡೊಂಕಾಗಿ ಕೂರಲು ಸಾಧ್ಯವಿಲ್ಲ. ಬ್ರಿಟ್ಟಾ ಅವಳ ಪೇಶೆಂಟು. ಅಮ್ಮ ಪೇಶೆಂಟುಗಳ ಬಗ್ಗೆ ಮನೆಯಲ್ಲಿ ತುಟಿ ಬಿಚ್ಚುವುದಿಲ್ಲ. ನನಗೆ ಎಲ್ಲವನ್ನೂ ಹೇಳಿದ್ದು ಬ್ರಿಟ್ಟಾ, ಜುಲೈ ತಿಂಗಳ ಒಂದು ಮಧ್ಯಾಹ್ನ, ನೆಲಮಾಳಿಗೆಯಲ್ಲಿ ನಾಯಿಯ ಹಾಸು ಒಗೆಯುತ್ತ. ಅವರು ಮಾತಾಡುವುದು ಸ್ವೀಡಿಷಿನಲ್ಲಿ; ನಾನು ಇಲ್ಲಿ ಕನ್ನಡಕ್ಕೆ ಎಳೆದು ತಂದಿದ್ದೇನೆ.

"ನಿನ್ನ ಅಮ್ಮ ಹೇಳಿದ್ರು, ಏಳು ಕಿಲೋಗಿಂತ ಜಾಸ್ತಿ ಹೊರಬಾರ್ದು ಅಂತ. ಊರು ಬಿಟ್ಟು ದೂರ ಎಲ್ಲೂ ಒಬ್ಬಳೇ ನಡೀಬಾರ್ದು ಅಂತ."

"ಹಾಗಾದ್ರೆ ಈ ಸಲ ಬೆಟ್ಟ ಇಲ್ಲ."

"ಯಾಕಿಲ್ಲ? ಎಷ್ಟು ತೂಕ ಅಂತ ಹೇಳಿದಾರಲ್ಲ. ಇನ್ನೇನು ಬೇಕು ನಂಗೆ?"

"ಬೇಟೆಗೆ ಹೋಗ್ಬಹುದಾ ಅಂತ ಅಮ್ಮನ್ನ ಕೇಳ್ಲಿಲ್ವಾ?"

"ಕೇಳಿದ್ರೆ ಉತ್ತರ ಹೇಳ್ಬಿಡ್ತಾರೆ," ಎಂದರು ಬ್ರಿಟ್ಟಾ.

ಆ ಕ್ಷಣವೇ ನಾನು ಅವರ ಅಭಿಮಾನಿಯಾದೆ. ಸುಳ್ಳು ಹೇಳುವುದರಲ್ಲಿ ನನಗೆ ಆಗಲೇ ಜಿಲ್ಲಾ ಮಟ್ಟದ ಅನುಭವ ಇತ್ತು. ಆದರೆ ಒಂದೇ ಒಂದು ಸುಳ್ಳು ಹೇಳದೆ ಇಷ್ಟು ದೊಡ್ಡ ಕಳ್ಳತನ ಮಾಡಬಹುದೆಂದು ತಿಳಿದದ್ದು ಅಂದೇ. ಅಮ್ಮ ಬೇಡ ಎಂದು ಎಳೆದ ಗೆರೆಯನ್ನು ಈ ಹೆಂಗಸು ದರ್ಜಿ ಬಟ್ಟೆಗೆ ತೆಗೆದುಕೊಳ್ಳುವ ಅಳತೆಯಂತೆ ತೆಗೆದುಕೊಂಡಿದ್ದರು.

ಹಿಂದಿನ ವರ್ಷ ಅವರ ಬ್ಯಾಗಿನ ತೂಕ ಹತ್ತೊಂಬತ್ತು ಕಿಲೋ. ಇನ್ನು ಏಳೇ ವಾರ ಇತ್ತು. ನಾನು ಜೊತೆಗೆ ಬರುತ್ತೇನೆ, ಡೇರೆ ಮತ್ತು ಊಟ ನಾನು ಹೊರುತ್ತೇನೆ ಎಂದೆ. ಶಾಲೆಯಲ್ಲಿ ಎಲ್ಲರೂ ರಜೆ ಮುಗಿಸಿ ಬಂದು ಸಮುದ್ರ ತೀರದ ಫೋಟೋ ತೋರಿಸುತ್ತಿದ್ದರು. ನನಗೆ ತೋರಿಸಲು ಒಂದು ಬೆಟ್ಟ ಬೇಕಿತ್ತು. ಬ್ರಿಟ್ಟಾಗೆ ಬೇಕಿದ್ದದ್ದು ಬೇರೆ. ಸಿಕ್ಸ್ಟೆನ್‌ನ ಮೂತಿಯನ್ನು ಅಂಗೈಯಲ್ಲಿ ಎತ್ತಿ ತೋರಿಸಿದರು. ಬಾಯಿಯ ಸುತ್ತ ಬೆಳ್ಳಗಾಗಿತ್ತು.

"ಇವನಿಗೆ ಒಂಬತ್ತು ಮುಗೀತು. ನಾನು ಕಾಯ್ತೀನಿ, ಬೇಕಾದ್ರೆ ಎರಡು ವರ್ಷ. ಇವನಿಗೆ ಕಾಯೋಕೆ ಟೈಮಿಲ್ಲ."

ಹೀಗೆ ಶುರುವಾಯಿತು. ಏಳು ಕಿಲೋ ಆದರೆ ಹೋಗುವುದು. ಏಳರ ಮೇಲೆ ಒಂದು ಗ್ರಾಂ ಬಂದರೂ ಇಲ್ಲ. ಷರತ್ತು ಹಾಕಿದ್ದು ಬ್ರಿಟ್ಟಾರೇ, ತಮಗೆ ತಾವೇ.

ಮೊದಲ ಶನಿವಾರ ಅವರು ಹಳೆಯ ಸಾಮಾನೆಲ್ಲ ಅಡುಗೆಮನೆಯ ನೆಲದ ಮೇಲೆ ಸುರಿದರು. ಬ್ಯಾಗು ಒಂದೇ ಒಂದು ಸಣ್ಣ ಆನೆಯಷ್ಟು ಭಾರ ಎಂದು ನಾನಂದೆ. ಅವರು ತಕ್ಕಡಿಗೆ ಹಾಕಿ, "ಮೂರು ಕಿಲೋ ಇನ್ನೂರ ಹತ್ತು," ಎಂದು ಪಟ್ಟಿಯಲ್ಲಿ ಬರೆದರು. ನನ್ನ ಆನೆಗಳೆಲ್ಲ ಆ ಪಟ್ಟಿಯಲ್ಲಿ ಹೀಗೇ ಸಾಯುತ್ತಿದ್ದವು. ಪ್ರತಿಯೊಂದು ವಸ್ತುವನ್ನೂ ತೂಗಿದೆವು: ಗುಂಡಿ, ಬಕಲ್, ದಾರದ ಉಂಡೆ, ಬೆಂಕಿಪೊಟ್ಟಣ. ಬೆಂಕಿಕಡ್ಡಿಗಳನ್ನು ಎಣಿಸಿಯೇ ತೆಗೆದುಕೊಂಡರು. ನಾನು ಮೇಜಿನ ಮೇಲೆ ಕೈ ಊರಿದರೆ "ಮೊಣಕೈ ತೆಗಿ, ನಾಲ್ಕು ಗ್ರಾಂ ತೋರಿಸ್ತಿದೆ," ಎನ್ನುತ್ತಿದ್ದರು.

ಅವರ ಕೆಲಸದ ರೀತಿ ನೋಡುವುದೇ ಒಂದು ಸಂತೋಷ. ಕೈಗೆ ಒಂದು ವಸ್ತು ಬಂದರೆ ಅದು ಎಷ್ಟು ಚಂದ, ಎಷ್ಟು ವರ್ಷದ್ದು ಎಂದು ನೋಡುವುದೇ ಇಲ್ಲ. ಬೆಟ್ಟದ ಮೇಲೆ ಇದು ಏನು ಕೆಲಸ ಮಾಡುತ್ತದೆ, ಆ ಕೆಲಸವನ್ನು ಈಗಾಗಲೇ ಬೇರೆ ಯಾವುದು ಮಾಡುತ್ತಿದೆ, ಎರಡೇ ಪ್ರಶ್ನೆ. ಡೇರೆಯ ಕಂಬಗಳನ್ನು ಎತ್ತಿ ಪಕ್ಕಕ್ಕಿಟ್ಟರು. ನಡೆಯುವ ಕೋಲು ಇದೆಯಲ್ಲ, ರಾತ್ರಿ ಅದು ನಿಂತೇ ಇರುತ್ತದೆ, ಕಂಬವಾಗಲಿ. ಬ್ಯಾಗಿನ ಒಳಗಿನ ಲೋಹದ ಚೌಕಟ್ಟು ಕಿತ್ತು ಹಾಕಿದರು. ಮಲಗುವ ಫೋಮ್ ಹಾಸನ್ನು ಮಡಿಸಿ ಬೆನ್ನಿನ ಕಡೆ ತುರುಕಿದರೆ ಅದೇ ಚೌಕಟ್ಟು. ಆ ಹಾಸನ್ನೂ ಮಂಡಿಯ ಹತ್ತಿರ ಕತ್ತರಿಸಿದರು.

"ಕಾಲಿಗೆ?" ಎಂದೆ.

"ಕಾಲಿನ ಕೆಳಗೆ ಖಾಲಿ ಬ್ಯಾಗ್ ಹಾಸ್ಕೋತೀವಿ. ಅದು ರಾತ್ರಿ ಇನ್ನೇನು ಮಾಡ್ತಿರುತ್ತೆ?"

ಸ್ಲೀಪಿಂಗ್ ಬ್ಯಾಗಿನ ಗತಿ ಇನ್ನೂ ಘೋರ. ನಾವು ಮಲಗಿದಾಗ ನಮ್ಮ ಕೆಳಗಿರುವ ಹಕ್ಕಿಪುಕ್ಕ ಅಪ್ಪಚ್ಚಿಯಾಗುತ್ತದೆ, ಅಪ್ಪಚ್ಚಿಯಾದ ಪುಕ್ಕ ಬೆಚ್ಚಗಿಡುವುದಿಲ್ಲ, ಹಾಗಾದರೆ ಅದನ್ನು ಹೊತ್ತುಕೊಂಡು ಹೋಗುವುದೇಕೆ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಕತ್ತರಿಯಿಂದ ಅದರ ಬೆನ್ನನ್ನೇ ಸೀಳಿದರು. ಪುಕ್ಕ ಅಡುಗೆಮನೆಯ ತುಂಬ ಹಾರಿತು. ಸಿಕ್ಸ್ಟೆನ್ ತನ್ನ ಜೀವಮಾನದ ಅತ್ಯಂತ ದೊಡ್ಡ ಬೇಟೆ ಸಿಕ್ಕಿತೆಂದು ನೆಗೆಯಿತು. ಮೂರು ಗಂಟೆ ನಾವು ಪುಕ್ಕ ಹೆಕ್ಕಿದೆವು, ಅದರಲ್ಲಿ ಎರಡು ಗಂಟೆ ನಾಯಿಯ ಬಾಯಿಯಿಂದ. ಆದರೆ ಉಳಿದ ಪುಕ್ಕವನ್ನು ಮೇಲ್ಭಾಗಕ್ಕೆ ತುಂಬಿ, ಅಂಚು ಮಡಿಸಿ ಅವರು ಹೊಲಿದು ಮುಗಿಸಿದ ಹೊದಿಕೆ ಹೇಗಿತ್ತೆಂದರೆ, ಅದನ್ನು ನನ್ನ ಭುಜದ ಮೇಲೆ ಹಾಕಿದ್ದು ನನಗೆ ತಿಳಿಯಲೇ ಇಲ್ಲ. ಐದು ನಿಮಿಷದ ನಂತರ ಬೆವರಿದಾಗ ತಿಳಿಯಿತು. ಐನೂರ ನಲವತ್ತು ಗ್ರಾಂ. ಇದರಲ್ಲಿ ಏನೂ ಸೇರಿಸಿಲ್ಲ.

ಹೊಸ ಬ್ಯಾಗಿಗೆ ಬಟ್ಟೆ ಕೊಟ್ಟಿದ್ದು ಸರೋವರದ ದಡದಲ್ಲಿ ದೋಣಿ ಇಟ್ಟುಕೊಂಡಿದ್ದ ಅವರ ಪರಿಚಯದ ಒಬ್ಬರು: ಹರಿದ ಹಾಯಿ, ಗಾಳಿಯಂತೆ ಹಗುರ, ಬಣ್ಣ ಮಾತ್ರ ಗುಲಾಬಿ ಮತ್ತು ಕಿತ್ತಳೆ ಪಟ್ಟೆ. ಇದನ್ನು ಹೊತ್ತು ಹೋದರೆ ರೀಪಗಳು ನಕ್ಕು ನಕ್ಕು ತಾವಾಗಿಯೇ ಸಾಯುತ್ತವೆ, ತೋಟಾಗಳ ತೂಕವೂ ಉಳಿಯುತ್ತದೆ ಎಂದೆ. ಬ್ರಿಟ್ಟಾ ನಗಲಿಲ್ಲ, "ಬಣ್ಣ ಹಾಕೋಣ," ಎಂದರು. ನಮ್ಮ ಪಪ್ಪ ಊರಿನಿಂದ ತರಿಸಿಕೊಂಡಿದ್ದ ಫಿಲ್ಟರ್ ಕಾಫಿಪುಡಿ ಅರ್ಧ ಡಬ್ಬ ಅದರಲ್ಲಿ ಹೋಯಿತು. ದೊಡ್ಡ ಪಾತ್ರೆಯಲ್ಲಿ ಒಂದು ದಿನ ಕುದಿಸಿದ ಮೇಲೆ ಹಾಯಿ ಮೂರು ದಿನದ ಹಿಂದಿನ ಕೋಳಿ ಗಸಿಯ ಬಣ್ಣಕ್ಕೆ ತಿರುಗಿತು. "ಸೆಪ್ಟೆಂಬರ್ ಬೆಟ್ಟ ಇದೇ ಬಣ್ಣ," ಎಂದು ಬ್ರಿಟ್ಟಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪಪ್ಪ ಮನೆಯಲ್ಲಿ ಎರಡು ದಿನ ಕಾಫಿಪುಡಿ ಹುಡುಕಿ, ಮೂರನೆಯ ದಿನ ಟೀ ಕುಡಿದರು.

ನನಗೂ ಹೊಲಿಗೆ ಕಲಿಸಿದರು. ನನ್ನ ಮೊದಲ ಸಾಧನೆ, ಭುಜದ ಪಟ್ಟಿಯನ್ನು ಬ್ಯಾಗಿಗೂ ನನ್ನ ಸ್ವೆಟರಿನ ತೋಳಿಗೂ ಒಟ್ಟಿಗೆ ಹೊಲಿದದ್ದು. ಎದ್ದು ನಿಂತಾಗ ಬ್ಯಾಗು, ಅದರ ಹಿಂದೆ ಮೆಷಿನ್ನು, ಅದರ ಹಿಂದೆ ಮೇಜು ನನ್ನ ಜೊತೆ ಹೊರಟವು. ಸರಿ, ಮೇಜು ಬರಲಿಲ್ಲ. ಬ್ರಿಟ್ಟಾ ಬೈಯಲಿಲ್ಲ. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆಯೊಂದನ್ನು ನನ್ನ ಕೈಗೆ ಕೊಟ್ಟು, "ಮೊದಲು ಇದು ಕಲಿ. ಹೊಲಿಯೋದು ಆಮೇಲೆ," ಎಂದರು. ಇಡೀ ಒಂದು ವಾರ ಬಿಚ್ಚಿದೆ. ಬಿಚ್ಚುತ್ತ ಬಿಚ್ಚುತ್ತ ಅವರ ಹೊಲಿಗೆ ಎಂಥದ್ದು ಎಂದು ಕಾಣಿಸಿತು. ತೀರಾ ಹತ್ತಿರ ಹೊಲಿದರೆ ತೂತು ಹೆಚ್ಚು, ನೀರು ಬರುತ್ತದೆ, ಬಟ್ಟೆ ಹರಿಯುತ್ತದೆ. ದೂರ ಹೊಲಿದರೆ ಹಿಡಿತವಿಲ್ಲ. ಅವರು ಅಳತೆಪಟ್ಟಿ ಇಲ್ಲದೆ ಹೊಲಿದದ್ದನ್ನು ನಾನು ಎಣಿಸಿ ನೋಡಿದೆ. ಪ್ರತಿ ಬೆರಳಗಲಕ್ಕೆ ಐದು, ಐದು, ಐದು. ಎಲ್ಲಿಯೂ ಆರಿಲ್ಲ. ಆ ಮೂವತ್ತು ವರ್ಷದ ಹೊಲಿಗೆಯೆಲ್ಲ ಯಾರ್ಯಾರೋ ಕೂತ ಕಾರಿನ ಸೀಟುಗಳ ಮೇಲೆ ಹೋಗಿತ್ತು, ಒಬ್ಬರಾದರೂ ತಿರುಗಿ ನೋಡಿರಲಿಕ್ಕಿಲ್ಲ.

ಎಲ್ಲವನ್ನೂ ಕತ್ತರಿಸುತ್ತಿದ್ದರು ಎಂದುಕೊಳ್ಳಬೇಡಿ. ಒಮ್ಮೆ ನಾನು ಜಾಣತನ ತೋರಿಸಲು ಎರಡನೆಯ ಜೊತೆ ಉಣ್ಣೆಯ ಕಾಲುಚೀಲವನ್ನೂ ಒಂದು ಮಳೆ ಪ್ಯಾಂಟನ್ನೂ ಪಟ್ಟಿಯಿಂದ ಹೊಡೆದು ಹಾಕಿದೆ. ಮುನ್ನೂರ ಹತ್ತು ಗ್ರಾಂ ಉಳಿಯಿತು ಎಂದು ಬೀಗಿದೆ. ಬ್ರಿಟ್ಟಾ ಪೆನ್ಸಿಲ್ ತೆಗೆದುಕೊಂಡು ಎರಡನ್ನೂ ಮತ್ತೆ ಬರೆದರು.

"ಒದ್ದೆಯಾದ್ಮೇಲೆ ನಿನ್ನನ್ನ ವಾಪಸ್ ಕರ್ಕೊಂಡು ಬರೋ ಸಾಮಾನು ಇದು. ಇದನ್ನ ಮುಟ್ಟಬೇಡ. ಬೇರೆ ಹುಡುಕು."

ಬಂದೂಕಿನದು ಬೇರೆ ಸಮಸ್ಯೆ. ಅವರ ಹತ್ತಿರ ಎರಡಿತ್ತು. ಅವುಗಳಲ್ಲಿ ಹಗುರದ್ದನ್ನು, ಎರಡು ಸಣ್ಣ ನಳಿಗೆಗಳ ಹಳೆಯ ಬಂದೂಕನ್ನು ಆರಿಸಿದರು. ಎರಡು ಕಿಲೋ ಆರುನೂರು. ಆದರೆ ಲೈಸೆನ್ಸ್ ಅವರದು, ಕಬ್ಬಿಣದ ಕಪಾಟಿನಿಂದ ಸುಮ್ಮನೆ ಹೊರಗೆ ತೆಗೆದು ಆಡುವಂತಿಲ್ಲ, ನಾನಂತೂ ಮುಟ್ಟುವಂತೆಯೇ ಇಲ್ಲ. ಪ್ರತಿ ಸಲ ಬ್ಯಾಗು ತೂಗುವಾಗ ಬಂದೂಕಿನ ಬದಲು ಏನಿಡುವುದು? ನನ್ನ ಹಳೆಯ ಚೂಡಿದಾರದ ಒಂದು ಕಾಲು ಕತ್ತರಿಸಿ, ಕೆಳಗೆ ಹೊಲಿದು, ನಮ್ಮ ಮನೆಯ ಸೋನಾ ಮಸೂರಿ ಎರಡು ಕಿಲೋ ಆರುನೂರು ತುಂಬಿದೆವು. ಬ್ರಿಟ್ಟಾ ಆ ಅಕ್ಕಿಯ ಕಾಲನ್ನು ಬಗಲಿಗೆ ಹಾಕಿಕೊಂಡು ಅಡುಗೆಮನೆಯಲ್ಲಿ ಬಹಳ ಗಂಭೀರವಾಗಿ ನಡೆದಾಡುತ್ತಿದ್ದರು. ನಾನು ಕಣ್ಣೀರು ಬರುವಷ್ಟು ನಕ್ಕೆ, ಆಮೇಲೆ ಪಟ್ಟಿಯಲ್ಲಿ ಬರೆದೆ.

ಇನ್ನು ಊಟ. ಇದರಲ್ಲಿ ಮಾತ್ರ ನಾನು ಗುರು, ಅವರು ಶಿಷ್ಯೆ. ಅವರು ಪ್ರತಿ ವರ್ಷ ಒಯ್ಯುತ್ತಿದ್ದದ್ದು ಬ್ರೆಡ್ಡು, ಡಬ್ಬಿಯ ಮಾಂಸ, ಬೆಣ್ಣೆ. ನಾನು ಅವಲಕ್ಕಿ ತಂದು ಅಂಗೈಗೆ ಹಾಕಿದೆ. ತೂಗಿದರು, ನೀರು ಹಾಕಿದರು, ಎರಡು ನಿಮಿಷ ಕಾದು ಬಾಯಿಗೆ ಹಾಕಿಕೊಂಡರು.

"ಬೆಂಕಿ ಬೇಡ?"

"ಬೇಡ."

"ಇದನ್ನ ನೀವು ಎಷ್ಟು ಕಾಲದಿಂದ ತಿಂತೀರಿ?"

"ಯಾವಾಗಿಂದ್ಲೋ. ರೈಲಲ್ಲಿ ಹೋಗುವಾಗ ತಿಂತೀವಿ."

ಅವರು ಕುರ್ಚಿಯ ಮೇಲೆ ಕೂತರು. "ಇಪ್ಪತ್ತಾರು ವರ್ಷ ನಾನು ಡಬ್ಬಿ ಹೊತ್ತೆ," ಎಂದರು, ಯಾರನ್ನೋ ದೂರುವಂತೆ.

ಅವಲಕ್ಕಿಯ ಮೇಲೆ ಹಾಕಲು ಸಾರು ಬೇಕಲ್ಲ. ಆಗ ಹೊಳೆದದ್ದೇ ನೆಲಮಾಳಿಗೆಯ ಕಪಾಟು. ಅಮ್ಮನ ಸರದಿಯ ದಿನ, ಅಮ್ಮ ಕೆಲಸಕ್ಕೆ ಹೋದ ಮೇಲೆ, ಗಟ್ಟಿ ಸಾರು ಮಾಡಿ, ಬೇಕಿಂಗ್ ಕಾಗದದ ಮೇಲೆ ತೆಳ್ಳಗೆ ಸವರಿ, ಟವೆಲು ಒಣಗಿಸುವ ಸರಳುಗಳ ಮೇಲೆ ಮಲಗಿಸಿದೆವು. ಮೂರು ಗಂಟೆಯಲ್ಲಿ ಸಾರು ಮಾವಿನ ಹಪ್ಪಳದಂತೆ ಒಣಗಿತು. ಸುತ್ತಿ ಇಟ್ಟುಕೊಳ್ಳಬಹುದು, ಹರಿದು ಬಿಸಿನೀರಿಗೆ ಹಾಕಿದರೆ ಮತ್ತೆ ಸಾರು. ನಾಲ್ಕು ದಿನದ ಸಾರು ತೊಂಬತ್ತು ಗ್ರಾಂ. ಆ ಕಾಗದವನ್ನು ಬ್ರಿಟ್ಟಾ ಬೆಳಕಿಗೆ ಹಿಡಿದು ನೋಡಿದ ರೀತಿಯಲ್ಲಿ ನನ್ನ ಯಾವ ಮಾರ್ಕ್ಸ್ ಕಾರ್ಡನ್ನೂ ಯಾರೂ ನೋಡಿಲ್ಲ.

ಮರುದಿನ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಸಿಟ್ಟು ಬಂದರೆ ಇಲ್ಲಿಯವರು ಬಾಯಿ ತೆರೆಯುವುದಿಲ್ಲ, ಚೀಟಿ ಅಂಟಿಸುತ್ತಾರೆ. "ಕಪಾಟು ಇರುವುದು ಬಟ್ಟೆಗೆ. ನನ್ನ ಹೊದಿಕೆಗೆ ಸೂಪಿನ ವಾಸನೆ ಬಂದಿದೆ. ಮೂರನೆಯ ಮಹಡಿ." ನಾನು ಪೆನ್ನು ತೆಗೆದು ಕೆಳಗೆ, "ಸೂಪಲ್ಲ, ಸಾರು," ಎಂದು ತಿದ್ದಿದೆ. ಈ ಕಟ್ಟಡದಲ್ಲಿ ಸಾರು ಅಂದರೇನೆಂದು ಗೊತ್ತಿರುವ ಮನೆ ಒಂದೇ ಎಂಬುದು ನನಗೆ ಹೊಳೆದದ್ದು ನಾಲ್ಕನೆಯ ಮೆಟ್ಟಿಲಿನಲ್ಲಿ. ವಾಪಸ್ ಓಡಿ ಹರಿದು ತಂದೆ.

ಮನೆಯಲ್ಲಿ ನಾನು ಹೇಳಿದ್ದ ಕತೆ ಸರಳ. ಶಾಲೆಯಲ್ಲಿ ಪ್ರತಿ ವರ್ಷ ಒಂದು ದಿನ ಪಾಠ ಬಿಟ್ಟು ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಾರೆ. ಆ ಒಂದು ದಿನವನ್ನು ನಾನು ನಾಲ್ಕು ದಿನ ಮಾಡಿದೆ. ಶಾಲೆಗೆ ರಜೆಯ ಅರ್ಜಿ ಬೇಕಲ್ಲ, ಅದಕ್ಕೆ ಪಪ್ಪ ಕ್ರಿಕೆಟ್ ನೋಡುವಾಗ ಫೋನ್ ಮುಂದೆ ಹಿಡಿದೆ. ಕಣ್ಣು ಟಿವಿಯಿಂದ ತೆಗೆಯದೆ ಸಹಿಯ ಗುಂಡಿ ಒತ್ತಿದರು. ಬ್ರಿಟ್ಟಾ ಮಾತ್ರ ಒಂದೇ ಸಲ ಕೇಳಿದ್ದರು, "ಮನೆಯಲ್ಲಿ ಒಪ್ಪಿದಾರಾ?" ಎಂದು. ಪಪ್ಪ ಸಹಿ ಹಾಕಿದ್ದಾರೆ ಎಂದೆ. ಸುಳ್ಳಲ್ಲ ನೋಡಿ, ಗುರುವಿನಿಂದ ಕಲಿತದ್ದು.

ಹೊರಡುವ ಮುನ್ನಾದಿನ, ಗುರುವಾರ, ಕೊನೆಯ ತೂಕ. ಅಮ್ಮನ ಒಗೆಯುವ ಸರದಿ ಎರಡರಿಂದ ಐದು, ಅಮ್ಮ ಕ್ಲಿನಿಕ್ಕಿನಲ್ಲಿ. ನೆಲಮಾಳಿಗೆಯ ಪೈಪಿಗೆ ಮೀನು ತೂಗುವ ಕೊಕ್ಕೆತಕ್ಕಡಿ ನೇತು ಹಾಕಿ, ಬ್ಯಾಗಿಗೆ ಎಲ್ಲವನ್ನೂ ತುಂಬಿ, ಅಕ್ಕಿಯ ಬಂದೂಕು ಕಟ್ಟಿ ತೂಗಿದೆವು. ಏಳು ಕಿಲೋ ಅರವತ್ತು.

ಬ್ಯಾಗಿನ ಭುಜದ ಪಟ್ಟಿಗಳ ತುದಿ ಕತ್ತರಿಸಿದೆವು, ಏಳು ಕಿಲೋ ನಲವತ್ತೆಂಟು. ಗೊಬ್ಬರದ ಚೀಲದಂತಿದ್ದ ಕರವಸ್ತ್ರ ತೆಗೆದೆವು, ಏಳು ಕಿಲೋ ಮೂವತ್ತು. ನಾನು ತಕ್ಕಡಿಯ ಕೆಳಗೆ ಒಂದು ಬೆರಳಿಟ್ಟು ಮೆಲ್ಲಗೆ ಎತ್ತಿ, "ನೋಡಿ, ಸರಿಯಾಯ್ತು," ಎಂದೆ. ಬ್ರಿಟ್ಟಾ ನನ್ನ ಬೆರಳನ್ನು ನೋಡಿದರು. ನಾನು ತೆಗೆದೆ. ಆಮೇಲೆ ಅವರು ಬ್ಯಾಗಿನ ಬದಿಯಿಂದ ಮರದ ಕಾಫಿ ಬಟ್ಟಲು ತೆಗೆದರು. ಇಪ್ಪತ್ತಾರು ವರ್ಷವೂ ಬೆಟ್ಟಕ್ಕೆ ಹೋದ ಬಟ್ಟಲು, ತುಟಿ ತಾಗುವ ಕಡೆ ಕಪ್ಪಾಗಿತ್ತು.

"ಪಾತ್ರೆಯಲ್ಲೇ ಕುಡೀತೀನಿ," ಎಂದು ಇಸ್ತ್ರಿ ಮೇಜಿನ ಮೇಲೆ ಇಟ್ಟರು.

ಆರು ಕಿಲೋ ಒಂಬೈನೂರ ತೊಂಬತ್ತಾರು.

ಬ್ರಿಟ್ಟಾ ಪಟ್ಟಿಯ ಕೆಳಗೆ ಗೆರೆ ಎಳೆದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಬಟ್ಟೆಯ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಅಮ್ಮ ನಿಂತಿದ್ದಳು.

ಆಗಿದ್ದು ಏನೆಂದರೆ, ಆ ಮಧ್ಯಾಹ್ನ ಮೂರು ಗಂಟೆಗೆ ಬ್ರಿಟ್ಟಾಗೆ ಅಮ್ಮನ ಹತ್ತಿರವೇ ಅಪಾಯಿಂಟ್‌ಮೆಂಟ್ ಇತ್ತು. ಸಾಮಾನ್ಯ ಕಳ್ಳರಾಗಿದ್ದರೆ ಹೋಗದೆ ತಪ್ಪಿಸಿಕೊಳ್ಳುತ್ತಿದ್ದರು, ಅಮ್ಮ ಕ್ಲಿನಿಕ್ಕಿನಲ್ಲಿ ಕಾಯುತ್ತ ಕೂತಿರುತ್ತಿದ್ದಳು. ಬ್ರಿಟ್ಟಾ ಮರ್ಯಾದಸ್ಥರು, ಹಿಂದಿನ ದಿನವೇ ಫೋನ್ ಮಾಡಿ, ಕ್ಷಮೆ ಕೇಳಿ, ರದ್ದು ಮಾಡಿದ್ದರು. ದಿನದ ಕೊನೆಯ ಪೇಶೆಂಟು ಇಲ್ಲವಾದ್ದರಿಂದ ಅಮ್ಮ ಬೇಗ ಮನೆಗೆ ಬಂದು, ಹೇಗೂ ಸರದಿ ಇದೆಯಲ್ಲ ಎಂದು ಬಟ್ಟೆ ಹಿಡಿದು ಕೆಳಗೆ ಇಳಿದಿದ್ದಳು.

ಅಮ್ಮ ಬುಟ್ಟಿ ಕೆಳಗಿಟ್ಟಳು. ಕಪಾಟಿನಲ್ಲಿ ಒಣಗುತ್ತಿದ್ದ ಸಾರು ನೋಡಿದಳು, ನಾಯಿ ನೋಡಿದಳು, ಪೈಪಿನಿಂದ ನೇತಾಡುತ್ತಿದ್ದ ನನ್ನ ಚೂಡಿದಾರದ ಕಾಲು ನೋಡಿದಳು. ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು.

"ಹದಿನೈದು ತೋಟಾ," ಎಂದಳು, ಕನ್ನಡದಲ್ಲಿ, ನನಗೆ. "ಶಾಲೆಯವ್ರು ಕಾಡಿಗೆ ಹೋಗ್ಲಿಕ್ಕೆ ತೋಟಾ ತರ್ಲಿಕ್ಕೆ ಹೇಳಿದ್ದಾ?"

ನಾನು ಪಟ್ಟಿಗೆ ಅಡ್ಡ ನಿಂತೆ.

"ಶಾಲೆಯದ್ದು ಎಷ್ಟು ದಿನ?"

"ಒಂದು ದಿನ."

"ಹ್ಞಾಂ," ಎಂದು ಅಮ್ಮ ಬ್ರಿಟ್ಟಾ ಕಡೆ ತಿರುಗಿ ಸ್ವೀಡಿಷಿಗೆ ಬದಲಾದಳು. "ನಾಳೆ ಮುಖ್ಯವಾದ ಕೆಲಸ ಉಂಟು ಅಂತ ನಿನ್ನೆ ಫೋನಲ್ಲಿ ಹೇಳಿದ್ರಿ."

"ಹೌದು. ಇದೇ," ಎಂದರು ಬ್ರಿಟ್ಟಾ. "ಇವಳ ಅಪ್ಪ ಒಪ್ಪಿದಾರೆ ಅಂದ್ಕೊಂಡಿದ್ದೆ. ನಿಮ್ಮನ್ನ ನಾನೇ ಕೇಳಬೇಕಿತ್ತು. ಕೇಳ್ಲಿಲ್ಲ."

ಅಮ್ಮ ತಕ್ಕಡಿಯ ಅಂಕೆ ನೋಡಿದಳು. ಬ್ಯಾಗನ್ನು ಕೊಕ್ಕೆಯಿಂದ ಬಿಡಿಸಿ, ಬ್ರಿಟ್ಟಾರನ್ನು ಕೈಸನ್ನೆಯಿಂದ ತಿರುಗಿಸಿ, ಬೆನ್ನಿಗೆ ಹಾಕಿದಳು. ಅವರ ಸುತ್ತ ಒಂದು ಸುತ್ತು ಬಂದು ಸೊಂಟದ ಮೂಳೆಯನ್ನು ಎರಡು ಬೆರಳಿಂದ ಒತ್ತಿ ನೋಡಿದಳು. ಬಾಗಿಲವರೆಗೆ ನಡೆಯಿರಿ ಎಂದಳು, ಮೆಟ್ಟಿಲು ಹತ್ತಿ ಇಳಿಯಿರಿ ಎಂದಳು. ಆ ಮೂರು ನಿಮಿಷ ಅವಳ ಕಣ್ಣು ಬ್ರಿಟ್ಟಾರ ಬೆನ್ನು ಬಿಟ್ಟು ಕದಲಲಿಲ್ಲ. ನಾನು ಏಳು ವಾರ ಬ್ರಿಟ್ಟಾರ ಕೈಗಳನ್ನು ನೋಡಿ ಬೆರಗಾಗಿದ್ದೆ. ಅಂಥದೇ ಕೈ ನಮ್ಮ ಮನೆಯಲ್ಲೂ ಒಂದು ಜೊತೆ ಇದೆ ಎಂದು ಆವರೆಗೆ ಗಮನಿಸಿರಲಿಲ್ಲ.

"ಬೆಲ್ಟು ಎರಡು ಬೆರಳು ಮೇಲೆ ಬಂದಿದೆ. ತೂಕ ಎಲ್ಲ ನಡುವಿಗೆ ಬೀಳ್ತದೆ. ಇದು ಹೊಲಿದದ್ದು ಯಾರು?"

"ನಾನು."

"ಬಿಚ್ಚು."

ಬಿಚ್ಚಿದೆ. ಅಮ್ಮ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಬ್ರಿಟ್ಟಾ ಸೂಜಿದಾರದಿಂದ ಹೊಲಿದರು. ಇಬ್ಬರ ತಲೆಗಳೂ ಆ ಬೆಲ್ಟಿನ ಮೇಲೆ ಬಾಗಿದ್ದವು. ಮತ್ತೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಾಗ ಬ್ರಿಟ್ಟಾ, "ಇಲ್ಲೇನೂ ಇಲ್ಲ ಅನ್ಸುತ್ತೆ," ಎಂದು ಬೆನ್ನು ಮುಟ್ಟಿ ನೋಡಿಕೊಂಡರು. ನನಗೆ ಧೈರ್ಯ ಬಂತು. ಅದೇ ಹಾಯಿಯಲ್ಲಿ ಹೊಲಿದು, ಡೇರೆ ಊಟ ತುಂಬಿ ಮೂಲೆಯಲ್ಲಿಟ್ಟಿದ್ದ ನನ್ನ ಬ್ಯಾಗು ಎತ್ತಿಕೊಂಡೆ.

"ಏಳು ಕಿಲೋ ಅಂದಿದ್ದೆ, ಸರಿ," ಎಂದಳು ಅಮ್ಮ. "ಒಬ್ಬರೇ ಬೇಡ ಅಂದಿದ್ದೆ."

"ಒಬ್ಬಳೇ ಅಲ್ಲ," ಎಂದು ಬ್ರಿಟ್ಟಾ ನನ್ನನ್ನು ತೋರಿಸಿದರು.

"ಇವಳಾ? ಬೆಟ್ಟದ ಮೇಲೆ ನಿಮಗೆ ಏಳ್ಲಿಕ್ಕೆ ಆಗ್ಲಿಲ್ಲ ಅಂದ್ರೆ ಇವಳು ಎಂತ ಮಾಡ್ತಾಳೆ? ಕತೆ ಹೇಳ್ತಾಳೆ. ಇವಳು ಶಾಲೆಗೆ ಹೋಗ್ತಾಳೆ, ನಾಳೆಯೂ ಸೋಮವಾರವೂ."

ಬ್ರಿಟ್ಟಾ ತಲೆಯಾಡಿಸಿದರು. ಬೆಲ್ಟಿನ ಬಕಲ್ ಬಿಚ್ಚಿ, ಬ್ಯಾಗನ್ನು ನೆಲಕ್ಕೆ ಇಳಿಸಿ, ಅದರ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತರು. ಸಿಕ್ಸ್ಟೆನ್ ಬಂದು ಬ್ಯಾಗಿಗೆ ಒರಗಿ ಮಲಗಿತು. ಅಮ್ಮ ಆ ನಾಯಿಯನ್ನು, ಅದರ ಬಿಳಿಯಾದ ಮೂತಿಯನ್ನು ನೋಡಿದಳು. ಸಾರು ಒಣಗುತ್ತಿದ್ದ ಕಪಾಟು ತನ್ನ ಹೊತ್ತು ಮುಗಿಸಿ ಟಿಕ್ ಎಂದಿತು.

"ಟ್ರೈನು ಎಷ್ಟು ಗಂಟೆಗೆ?" ಎಂದಳು.

ಬ್ರಿಟ್ಟಾ ತಲೆಯೆತ್ತಿದರು.

"ಇಷ್ಟೆಲ್ಲ ಮಾಡಿ ಮನೇಲಿ ಕೂತ್ರೆ ಆ ಬೆನ್ನು ಮೊದಲಿಗಿಂತ ಹಾಳಾಗ್ತದೆ. ನಂಗೆ ರಜೆ ಬಾಕಿ ಉಂಟು." ಅಮ್ಮ ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು ಇಸ್ತ್ರಿ ಮೇಜಿನ ಮೇಲೆ ಕವುಚಿ ಸುರಿದಳು. ನನ್ನ ಉಣ್ಣೆಯ ಟೋಪಿ, ನನ್ನ ಕೈಗವಸು, ಫೋಟೋಗೆಂದು ಇಟ್ಟುಕೊಂಡಿದ್ದ ಕೆಂಪು ಸ್ಕಾರ್ಫು ಒಂದೊಂದಾಗಿ ಬಟ್ಟೆಯ ಬುಟ್ಟಿಗೆ ಬಿದ್ದವು. ಖಾಲಿ ಬ್ಯಾಗು ಹೆಗಲಿಗೆ ಹಾಕಿ, ಭುಜ ಕುಣಿಸಿ ನೋಡಿ, "ಹಗುರ ಉಂಟು ಮಾರಾಯ್ತಿ," ಎಂದಳು. ನನಗೆ ಹೇಳಿದ್ದಲ್ಲ, ಬ್ರಿಟ್ಟಾಗೆ, ಅದೂ ಕನ್ನಡದಲ್ಲಿ. ಅವರಿಗೆ ಅರ್ಥವಾಯಿತು.

ಆಮೇಲೆ ಸ್ವೀಡಿಷಿನಲ್ಲಿ, "ನಂಗೊಂದು ತಲೆದಿಂಬು ಬೇಕು. ದಿಂಬಿಲ್ಲದೆ ನಿದ್ದೆ ಬರುದಿಲ್ಲ," ಎಂದಳು.

ನಾನು ಬ್ರಿಟ್ಟಾರ ಮುಖ ನೋಡಿದೆ. ಬೆಂಕಿಕಡ್ಡಿ ಎಣಿಸಿದ ಹೆಂಗಸು. ಅವರು ಎದ್ದು ಗೋಡೆಯ ಹತ್ತಿರ ಹೋಗಿ, ಪಟ್ಟಿಯಲ್ಲಿದ್ದ ನನ್ನ ಹೆಸರಿನ ಮೇಲೆ ಒಂದು ನೇರ ಗೆರೆ ಎಳೆದು, ಅಮ್ಮನ ಹೆಸರು ಬರೆದರು. ಅದರ ಕೆಳಗೆ, ತುಟಿ ಬಿಗಿದುಕೊಂಡು, ದಿಂಬು ಎಂದು ಬರೆದರು. ಮುಂದೆ ಗ್ರಾಂ ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟರು.